ಲೋಲಕದ ಮೇಲೆ ಸಕ್ಕರೆ

ವಾಚಕ ಮಹಾಶಯರೇ! ಭಯಗಳಲ್ಲಿ ನಾನಾ ವಿಧಗಳುಂಟೆಂಬುದನ್ನು ತಾವು ಬಲ್ಲಿರಿ. ಹುಲಿಯ ಭಯ, ಕಳ್ಳನ ಭಯ, ಅತ್ತೆಯ ಭಯ, ಮೇಲಧಿಕಾರಿಯ ಭಯ ಇತ್ಯಾದಿಗಳನ್ನು ಕುರಿತು ಪ್ರಾಜ್ಞರು ಸಾಕಷ್ಟು ಬರೆದು ಕೈತೊಳೆದುಕೊಂಡಿದ್ದಾರೆ. ಆದರೆ ತನ್ನ ರಕ್ತದೊಳಗಿನ ಸಕ್ಕರೆಯು ಹೇಳದೆ ಕೇಳದೆ ಕೆಳಗಿಳಿದುಬಿಟ್ಟೀತೆಂಬ ಭಯವನ್ನು ಕುರಿತು ಯಾರಾದರೂ ಲೇಖನಿಯೆತ್ತಿದ್ದು ಈ ಅಲೆಮಾರಿಯ ಕಣ್ಣಿಗೆ ಬಿದ್ದಿಲ್ಲ. ಆದಕಾರಣ, ಒಂದು ಊರಿನ ಗಡಿಯಾರ ಗೋಪುರದ ಎದುರಿನ ವಸತಿಗೃಹದಲ್ಲಿ ನಾಲ್ಕು ದಿನ ತಂಗಿದ್ದಾಗ ಕಣ್ಣಾರೆ ಕಂಡದ್ದನ್ನೂ, ಕಾಣದ್ದನ್ನು ಗೋಪುರದ ಕಾವಲುಗಾರನ ಬಾಯಿಂದ ಕೇಳಿದ್ದನ್ನೂ ಕೂಡಿಸಿ ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಪ್ಪಿದ್ದರೆ ಅದು ಕಾವಲುಗಾರನದು, ಒಪ್ಪಿದ್ದರೆ ನನ್ನದು.

ಅಂದಿನ ಅನಾಹುತಕ್ಕೆಲ್ಲ ಮೂಲ ಒಂದು ಇರುವೆ.

ಆ ಇರುವೆಯು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಗೂಟಕ್ಕೆ ತೂಗುಹಾಕಿದ್ದ ಸಮವಸ್ತ್ರದ ಕೋಟಿನಿಂದ ಹೊರಟು, ಅದಕ್ಕೆ ಇಸ್ತ್ರಿ ಹಾಕಲೆಂದು ಬಂದ ಗೃಹಿಣಿಯ ಮೊಣಕೈಯನ್ನು ಬಲವಾಗಿ ಕಚ್ಚಿತು. ಆಕೆ ಕೋಟನ್ನು ಒದರಿದರು. ಒದರಿದ ರಭಸಕ್ಕೆ ಮೊದಲು ಮೂವತ್ತು ಇರುವೆಗಳೂ, ಅವುಗಳ ಹಿಂದೆ ಹತ್ತು ಸಕ್ಕರೆ ಕ್ಯೂಬು, ನಾಲ್ಕು ಚಾಕಲೇಟು, ಒಂದು ಗ್ಲೂಕೋಸ್ ಪುಡಿಯ ಪೊಟ್ಟಣ, ಅರ್ಧ ಕಡಿದ ಬಿಸ್ಕತ್ತು, ಇವಿಷ್ಟೂ ದಬದಬನೆ ನೆಲಕ್ಕುದುರಿದವು.

"ಏನ್ರೀ ಇದು, ಕೋಟಾ ಹುತ್ತಾನಾ?"

ಒಳಗಿಂದ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದ ಮನುಷ್ಯನೇ ಈ ಕತೆಯ ನಾಯಕ. ಊರವರು ಆತನನ್ನು ಗಂಟೆಯಣ್ಣ ಎನ್ನುತ್ತಿದ್ದರು. ಪೌರಸಭೆಯ ಗಡಿಯಾರ ಗೋಪುರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವುದು, ಹಲ್ಲುಚಕ್ರಗಳಿಗೆ ಎಣ್ಣೆ ಹಾಕುವುದು, ಗಂಟೆಯ ಸುತ್ತಿಗೆಯನ್ನು ನೋಡಿಕೊಳ್ಳುವುದು ಆತನ ಉದ್ಯೋಗ. ವಯಸ್ಸು ಐವತ್ತೆರಡು, ಸಕ್ಕರೆ ಕಾಯಿಲೆಯ ವಯಸ್ಸು ಹತ್ತು.

"ಅದು ಜೀವರಕ್ಷಕ ಸಾಮಗ್ರಿ ಕಣೇ! ಮುಟ್ಟಬೇಡ, ಹಾಗೇ ಒಳಗೆ ತುಂಬು."

"ಇವತ್ತು ದೊಡ್ಡ ಸಾಹೇಬರು ಗೋಪುರ ನೋಡೋಕೆ ಬರ್ತಾರೆ ಅಂದ್ರಲ್ಲ. ಅವರ ಮುಂದೆ ನಿಂತ್ಕೊಂಡು ಮೈ ಪರಪರ ಕೆರ್ಕೊಳ್ತೀರಾ? ಇವತ್ತೊಂದು ದಿನ ಒಂದು ಹರಳೂ ಈ ಕೋಟಿನೊಳಗೆ ಹೋಗಲ್ಲ."

"ನನಗೇನಾದ್ರೂ ಗೋಪುರದ ಮೇಲೆ ಸಕ್ಕರೆ ಇಳಿದುಬಿಟ್ರೆ?"

ಪತ್ನಿ ಆತನ ಬೆರಳು ಹಿಡಿದು ಸೂಜಿ ಚುಚ್ಚಿ, ರಕ್ತದ ಹನಿಯನ್ನು ಮೀಟರಿನ ಪಟ್ಟಿಗೆ ಮುಟ್ಟಿಸಿದರು. "ನೋಡಿ. ಇನ್ನೂರ ಎಂಬತ್ನಾಲ್ಕು! ಎಲ್ಲಿ ಇಳಿದಿದೆ?"

"ಅದೇ ಕಣೇ ಭಯ," ಎಂದ ಗಂಟೆಯಣ್ಣ ಮುಖ ಬಿಳುಪೇರಿಸಿಕೊಂಡು. "ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲ? ಎಷ್ಟು ಮೇಲಿಂದ ಬೀಳುತ್ತೋ ಅಷ್ಟು ಪೆಟ್ಟು."

ಈ ಮಾತನ್ನು ಕೇಳಿ ನಗುವವರು ನಗಲಿ. ಆದರೆ ಭಯಕ್ಕೂ ಒಂದು ಹುಟ್ಟುದಿನವಿರುತ್ತದೆ. ಹಿಂದಿನ ವರ್ಷ ಒಂದು ಬೆಳಿಗ್ಗೆ ಆತ ಮಾತ್ರೆ ನುಂಗಿ, ಹೊತ್ತಾಯಿತೆಂದು ಏನನ್ನೂ ತಿನ್ನದೆ ಗೋಪುರ ಹತ್ತಿದ್ದ. ಮೂರನೆಯ ಅಂತಸ್ತಿನಲ್ಲಿ ಕೈ ನಡುಗಿತು, ಬೆವರು ಹರಿಯಿತು, ಗೋಡೆ ಹತ್ತಿರ ಬಂದು ಏನೋ ಗುಟ್ಟು ಹೇಳಿದಂತಾಯಿತು. ಆಮೇಲೆ ಎಲ್ಲ ಕತ್ತಲೆ. ಕಾವಲುಗಾರ ಹುಡುಕಿಕೊಂಡು ಬಂದು ಸಕ್ಕರೆ ನೀರು ಕುಡಿಸದಿದ್ದರೆ ಊರಿಗೆ ಗಂಟೆಯಿರುತ್ತಿತ್ತು, ಗಂಟೆಯಣ್ಣನಿರುತ್ತಿರಲಿಲ್ಲ. "ಇಳಿದರೆ ತಕ್ಷಣ ಹದಿನೈದು ಗ್ರಾಂ ಸಕ್ಕರೆ ತಗೊಳ್ಳಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡ್ಕೊಳ್ಳಿ. ಇಳಿದರೆ ಮಾತ್ರ!" ಎಂದಿದ್ದರು ವೈದ್ಯರು. ಗಂಟೆಯಣ್ಣ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ, ಕೊನೆಯ ಎರಡು ಪದಗಳನ್ನು ಬಿಟ್ಟು.

ಎದೆ ಡವಗುಟ್ಟಿದರೆ ಒಂದು ಕ್ಯೂಬು. ಸೆಕೆಯಾಗಿ ಬೆವರಿದರೆ ಒಂದು ಕ್ಯೂಬು. ಭಯವಾದರೆ ಒಂದು, ಭಯ ಹೋದರೆ ಅದು ಎಲ್ಲಿಗೆ ಹೋಯಿತೆಂಬ ಭಯಕ್ಕೆ ಇನ್ನೊಂದು. ಗೋಪುರಕ್ಕೆ ನೂರ ಐವತ್ತಾರು ಮೆಟ್ಟಿಲು, ಆರು ಅಂತಸ್ತು. ಅಂತಸ್ತಿಗೊಂದು ಸಕ್ಕರೆಯ ಡಬ್ಬಿಯನ್ನು ಆತ ಗೋಡೆಯ ಗೂಡಿನಲ್ಲಿ ಇಟ್ಟಿದ್ದ. ಈ ಆರನ್ನೂ ಎಲ್ಲರೂ ಬಲ್ಲರು. ಏಳನೆಯ ದಾಸ್ತಾನೊಂದು ತುತ್ತತುದಿಯ ಗಡಿಯಾರ ಕೋಣೆಯಲ್ಲಿತ್ತು. ದೊಡ್ಡ ಗಡಿಯಾರದ ಲೋಲಕಕ್ಕೆ ಅಂಚುಕಟ್ಟಿದ ಒಂದು ಪುಟ್ಟ ಹಿತ್ತಾಳೆ ತಟ್ಟೆಯಿರುತ್ತದೆ. ಅದರಲ್ಲಿ ಚಿಕ್ಕ ತೂಕಗಳನ್ನು ಇಟ್ಟರೆ ಗಡಿಯಾರ ಚುರುಕಾಗುತ್ತದೆ, ತೆಗೆದರೆ ಮಂದವಾಗುತ್ತದೆ. ಹಳೆಯ ತೂಕಗಳು ಎಂದೋ ಉದುರಿಹೋಗಿದ್ದವು. ಅವುಗಳ ಜಾಗದಲ್ಲಿ ಗಂಟೆಯಣ್ಣ ಸಕ್ಕರೆ ಕ್ಯೂಬುಗಳನ್ನು ಜೋಡಿಸಿದ್ದ. ಕರ್ತವ್ಯಕ್ಕೂ ಆಯಿತು, ಪ್ರಾಣಕ್ಕೂ ಆಯಿತು! ಇರುವೆಗಳು ದಿನವೂ ಒಂದಿಷ್ಟು ಮೆದ್ದು ತೂಕವನ್ನು ಇಳಿಸುತ್ತಿದ್ದುದರಿಂದ ಇಡೀ ಊರು ತಿಂಗಳಿಗೆ ಒಂದು ನಿಮಿಷ ಹಿಂದೆ ಬೀಳುತ್ತಿತ್ತು. ಇದರ ಗುಟ್ಟು ಬಲ್ಲವರು ಗಂಟೆಯಣ್ಣ ಮತ್ತು ಇರುವೆಗಳು ಮಾತ್ರ.

ಊರವರು ದೂರು ಕೊಟ್ಟರು. ದೂರಿನ ತನಿಖೆಗೇ ಅಂದು ದೊಡ್ಡ ಸಾಹೇಬರ ಆಗಮನ.

ಹತ್ತೂವರೆಗೆ ಕಚೇರಿ ತಲುಪಿದ ಗಂಟೆಯಣ್ಣನನ್ನು ಹೆಡ್ ಕ್ಲರ್ಕು ಬಾಗಿಲಲ್ಲೇ ತಡೆದರು. ಈ ಮಹಾನುಭಾವರು ಪರರ ವಿಷಯದಲ್ಲಿ ತಲೆಹಾಕುವುದರಲ್ಲಿ ಎತ್ತಿದ ಕೈ. ಅವರ ಕೈಯಲ್ಲಿ ಸದಾ ಒಂದು ಪುಸ್ತಕವಿರುತ್ತಿತ್ತು. ಮೇಲಿನವರು ಸೀನಿದರೂ ಅದರಲ್ಲಿ ಬರೆದುಕೊಳ್ಳುತ್ತಿದ್ದರು.

"ನೋಡ್ರೀ, ನೆಲಮಹಡಿ ದಾಖಲೆ ಕೋಣೆಗೆ ಹಾಕಿ ಅಂತ ನೀವು ಬರೆದಿದ್ದ ಅರ್ಜಿ ಇವತ್ತು ಸಾಹೇಬರ ಮುಂದೆ ಇಟ್ಟಿದ್ದೀನಿ."

ಗಂಟೆಯಣ್ಣನ ಕಣ್ಣುಗಳು ಮಿನುಗಿದವು. ಆ ಕುರ್ಚಿಗಾಗಿ ಆತ ಮೂರು ಅರ್ಜಿ ಹಾಕಿದ್ದ. ಎರಡು ಕೈಗಳಿದ್ದ, ಮೆತ್ತೆ ಹಾಸಿದ್ದ ಕುರ್ಚಿ! ಅಲ್ಲಿಂದ ಕ್ಯಾಂಟೀನಿನ ಕಿಟಕಿಗೆ ಲೆಕ್ಕ ಹಾಕಿ ಎಂಟು ಹೆಜ್ಜೆ. ಅಲ್ಲಿ ಬಿದ್ದರೂ ಸಕ್ಕರೆಯ ಮೇಲೇ ಬೀಳಬಹುದು.

"ಆದ್ರೆ ಒಂದು ಷರತ್ತು. ಸಾಹೇಬರು ನಿಮ್ಮ ಜೊತೆ ಮೇಲೆ ಹತ್ತಿ, ಹನ್ನೆರಡು ಗಂಟೆ ಸರಿಯಾಗಿ ಹೊಡೆಯೋದನ್ನ ನೋಡ್ಬೇಕಂತೆ. ಹೊಡೀತು ಅಂದ್ರೆ ಕುರ್ಚಿ ನಿಮ್ದು. ಅಷ್ಟರೊಳಗೆ ನೀವೇನಾದ್ರೂ ಬಾಯಾಡಿಸಿದ್ರೋ, ಮುಗೀತು! ಹಿಂದಿನ ಊರಲ್ಲಿ ಒಬ್ಬ ಡ್ಯೂಟೀಲಿ ಬಿಸ್ಕತ್ತು ತಿಂತಿದ್ದ ಅಂತ ಅಲ್ಲೇ ಮನೆಗೆ ಕಳಿಸಿದ್ರಂತೆ. ಶುಗರ್ ಅಂತ ಗೊತ್ತಾದ್ರೆ ಮೈಯಲ್ಲಿ ಕಸುವಿಲ್ಲ ಅಂತ ಬರೆದು ಕೈಗೆ ಕೊಡ್ತಾರೆ. ಎಲ್ಲಿ, ಜೇಬು ತೋರಿಸಿ."

"ಖಾಲಿ ಸಾರ್. ನಮ್ಮ ಮನೆಯವಳೇ ಖಾಲಿ ಮಾಡಿದ್ದಾಳೆ."

ಹೆಡ್ ಕ್ಲರ್ಕು ನಂಬುವ ಕುಳವಲ್ಲ. ಜೇಬು ತಡವಿದರು, ಮೀಟರು ಬಿಟ್ಟು ಬೇರೇನೂ ಸಿಗದೆ ಟೋಪಿ ಎತ್ತಿದರು, ಕೊನೆಗೆ ಎಡಗಾಲಿನ ಕಾಲುಚೀಲದೊಳಗೆ ಕೈಹಾಕಿ ಒಂದು ಚಾಕಲೇಟನ್ನು ಹೊರಗೆಳೆದರು. "ಇದನ್ನ ವಶಪಡಿಸಿಕೊಳ್ಳಲಾಗಿದೆ," ಎಂದು ಕಾಗದ ಬಿಚ್ಚಿ ತಮ್ಮ ಬಾಯಿಗೆ ಹಾಕಿಕೊಂಡರು.

ಗಂಟೆಯಣ್ಣ ಉಗುಳು ನುಂಗಿದ. ಹೋಗಲಿ, ಮೇಲೆ ಆರು ಡಬ್ಬಿಗಳಿವೆಯಲ್ಲ! ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಹನ್ನೊಂದೂವರೆಗೆ ದೊಡ್ಡ ಸಾಹೇಬರು ಜೀಪಿನಿಂದ ಧುಮುಕಿದರು. ಆನೆಯ ಮೈ, ಅಳಿಲಿನ ಅವಸರ. "ಎಲ್ರೀ ಮೆಟ್ಟಿಲು? ನಡೀರಿ ನಡೀರಿ! ತಿಂಡಿಗೂ ನಿಲ್ಲದೆ ಬಂದಿದ್ದೀನಿ, ನಿಮ್ಮ ಗಡಿಯಾರ ನಿಧಾನವಂತೆ, ನಾನಲ್ಲ!" ಎನ್ನುತ್ತ ಯಾರ ನಮಸ್ಕಾರಕ್ಕೂ ಕಾಯದೆ ಹತ್ತತೊಡಗಿದರು. ಅವರ ಹಿಂದೆ ಪುಸ್ತಕ ಹಿಡಿದ ಹೆಡ್ ಕ್ಲರ್ಕು, ಅವರ ಹಿಂದೆ ಗಂಟೆಯಣ್ಣ, ಎಲ್ಲರ ಹಿಂದೆ ಕೀಲಿಗೊಂಚಲೂ ನೀರಿನ ಬಾಟಲಿಯೂ ಹೊತ್ತ ಕಾವಲುಗಾರ. ಕೆಳಗೆ ಚೌಕದಲ್ಲಿ ಊರವರು ಕೈಗಡಿಯಾರಗಳನ್ನು ಸರಿಮಾಡಿಕೊಂಡು, ಹನ್ನೆರಡರ ಹೊಡೆತವನ್ನು ಪರೀಕ್ಷಿಸಲು ಕತ್ತೆತ್ತಿ ನಿಂತರು. ಈ ಲೇಖಕನೂ ವಸತಿಗೃಹದ ಕಿಟಕಿಯಲ್ಲಿ ಕತ್ತೆತ್ತಿದ್ದ.

ಮೊದಲ ಅಂತಸ್ತಿನಲ್ಲಿ ಗಂಟೆಯಣ್ಣ ಬೂಟಿನ ದಾರ ಕಟ್ಟುವ ನೆಪದಲ್ಲಿ ಹಿಂದುಳಿದು, ಗೂಡಿನೊಳಗೆ ಕೈಹಾಕಿ ಡಬ್ಬಿ ತೆರೆದ. ಬೆಳ್ಳಗೆ ಗುಂಡುಗುಂಡಾಗಿ ಏನೋ ಇತ್ತು. ಬಾಯಿಯ ಬಳಿಗೆ ಒಯ್ದದ್ದೇ ತಡ, ಮೂಗು ಸುಟ್ಟಂತಾಯಿತು.

"ಅಣ್ಣಾ, ಬಾಯಿಗೆ ಹಾಕ್ಬೇಡಿ!" ಎಂದು ಕಾವಲುಗಾರ ಪಿಸುಗುಟ್ಟುತ್ತಲೇ ಕೈ ಹಿಡಿದ. "ಅದು ಬಟ್ಟೆ ಬೀರೂಗೆ ಹಾಕ್ತಾರಲ್ಲ, ನುಸಿಗುಳಿಗೆ! ವಿಷ!"

"ನನ್ನ ಸಕ್ಕರೆ?"

"ಇರುವೆ ಸಾಲು ಸಾಹೇಬ್ರ ಕಣ್ಣಿಗೆ ಬೀಳಬಾರ್ದು ಅಂತ ಹೆಡ್ ಕ್ಲರ್ಕ್ ಆರ್ಡರ್ ಮಾಡಿದ್ರು. ನಿನ್ನೆ ಇಡೀ ದಿನ ಕೂತು ಕ್ಲೀನ್ ಮಾಡಿದ್ದೀನಿ ನೋಡಿ. ಒಂದಾದ್ರೂ ಇರುವೆ ಕಾಣುತ್ತಾ?"

"ಎಲ್ಲಾ ಡಬ್ಬಿಗೂ ಹಾಕಿದ್ಯೇನಯ್ಯಾ?"

"ಆರಕ್ಕೆ ಆರೂ! ಒಂದೂ ಬಿಟ್ಟಿಲ್ಲ," ಎಂದು ಕಾವಲುಗಾರ ಬೆನ್ನು ತಟ್ಟಿಸಿಕೊಳ್ಳಲು ಸಿದ್ಧನಾಗಿ ನಿಂತ. "ಸಕ್ಕರೆ ಮಾತ್ರ ವೇಸ್ಟ್ ಮಾಡಿಲ್ಲ ಅಣ್ಣಾ. ಹಿಂದ್ಗಡೆ ಗಿಡದ ಬುಡಕ್ಕೆ ಸುರಿದೆ. ಪಾಪ, ಇರುವೆಗಳಿಗೂ ಹೊಟ್ಟೆ ಇಲ್ವಾ?"

ಗಂಟೆಯಣ್ಣ ಕತ್ತೆತ್ತಿ ಮೇಲೆ ನೋಡಿದ. ಇನ್ನೂ ನೂರ ಮೂವತ್ತು ಮೆಟ್ಟಿಲು! ಎದೆ ಡವಡವ, ಕೈ ಗಡಗಡ, ಹಣೆಯ ಮೇಲೆ ಬೆವರಿನ ಮಾಲೆ. ಆಸ್ಪತ್ರೆಯವರು ಕೊಟ್ಟಿದ್ದ ಹಾಳೆಯಲ್ಲಿ ಸಕ್ಕರೆ ಇಳಿದವರ ಲಕ್ಷಣಗಳೆಂದು ಅಚ್ಚಾಗಿದ್ದುದೂ ಇವೇ. ಹೆದರಿಕೆಗೂ ಇವೇ ಲಕ್ಷಣಗಳೆಂಬುದನ್ನು ಆ ಹಾಳೆಯಲ್ಲಿ ಅಚ್ಚು ಹಾಕಿಸಬೇಕಿತ್ತು.

"ಯಾಕ್ರೀ ನಡುಗ್ತಿದ್ದೀರಾ?" ಎಂದರು ಎರಡನೆಯ ಅಂತಸ್ತಿನಲ್ಲಿ ತಿರುಗಿ ನೋಡಿದ ಸಾಹೇಬರು.

"ಗೌರವದಿಂದ ಸಾರ್!"

ಸಾಹೇಬರು ಹುಬ್ಬು ಹಾರಿಸಿ ಮುಂದೆ ನಡೆದರು. ಹೆಡ್ ಕ್ಲರ್ಕು ಪುಸ್ತಕದಲ್ಲಿ ಬರೆದುಕೊಂಡರು: ನಡುಕ, ಗೌರವದಿಂದ.

ಮೂರನೆಯ ಅಂತಸ್ತಿನಲ್ಲಿ, ಆ ಹಳೆಯ ಗೋಡೆಯ ಬಳಿ, ಗಂಟೆಯಣ್ಣ ಎದೆ ನೀವಿಕೊಂಡ. ನೀವಿಕೊಂಡಾಗ ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು! ಜೇಬಿನ ತೂತಿನಿಂದ ಜಾರಿ, ಕೋಟಿನ ಒಳಅಸ್ತರಿನಲ್ಲಿ ಎಂದೋ ಸಿಕ್ಕಿಬಿದ್ದಿದ್ದ ಒಂದು ಪೆಪ್ಪರಮಿಂಟು. ಪತ್ನಿಯ ಕಣ್ಣನ್ನೂ ಹೆಡ್ ಕ್ಲರ್ಕರ ಕೈಯನ್ನೂ ತಪ್ಪಿಸಿಕೊಂಡ ಆ ಏಕಮೇವ ರತ್ನವನ್ನು ಆತ ಎರಡು ಬೆರಳಲ್ಲಿ ನಾಜೂಕಾಗಿ ಹೊರತೆಗೆದ. ಮೈಗೆಲ್ಲ ದಾರ, ಜುಂಗು ಅಂಟಿಕೊಂಡು ಅದು ಹಣ್ಣುಹಣ್ಣು ಮುದುಕನಂತೆ ಗಡ್ಡ ಬಿಟ್ಟಿತ್ತು. ಆದರೇನು? ಆತ ಅದನ್ನು ಬಾಯಿಯತ್ತ ಎತ್ತಿದ. ಸಾಹೇಬರು ತಿರುಗಿದರು. ಎತ್ತಿದ ಕೈ ಹಾಗೇ ಹಣೆಗೆ ಹೋಗಿ ಸಲಾಮಾಯಿತು.

ಹತ್ತು ಮೆಟ್ಟಿಲಾದ ಮೇಲೆ ಮತ್ತೆ ಎತ್ತಿದ. ಮತ್ತೆ ತಿರುಗಿದರು. ಮತ್ತೆ ಸಲಾಮು. ಮೂರನೆಯ ಸಲವೂ ಹಾಗೇ ಆದಾಗ ಸಾಹೇಬರು ಗದರಿದರು: "ಎಷ್ಟು ಸಲಾಮು ರೀ ಇದು? ಮೆಟ್ಟಿಲಿಗೊಂದಾ?"

"ಊರಿನ ಪದ್ಧತಿ ಸಾರ್," ಎಂದು ಹೆಡ್ ಕ್ಲರ್ಕು ಅಡ್ಡಬಾಯಿ ಹಾಕಿ, ತಾವೂ ಒಂದು ಹೊಡೆದರು.

ಐದನೆಯ ಅಂತಸ್ತು ದಾಟುವ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಸಾಹೇಬರ ವೇಗ ಇಳಿಯಿತು. ಅವರು ಕಂಬಿಗಳನ್ನು ಹಿಡಿದು ನಿಂತು, ಕಿಂಡಿಯಲ್ಲಿ ಕುಳಿತಿದ್ದ ಪಾರಿವಾಳಗಳನ್ನು ದುರುಗುಟ್ಟಿ ನೋಡಿ, "ಇವರೆಲ್ಲ ಯಾವ ಸೆಕ್ಷನ್ನು?" ಎಂದರು.

"ಸಾರ್?"

"ಸುಮ್ನೆ ಕೂತಿದ್ದಾರೆ. ಎಲ್ರನ್ನೂ ವರ್ಗ ಮಾಡಿ."

"ಮಾಡ್ತೀವಿ ಸಾರ್," ಎಂದು ಹೆಡ್ ಕ್ಲರ್ಕು ಬರೆದುಕೊಂಡರು: ಪಾರಿವಾಳ, ವರ್ಗಾವಣೆ.

ಗಡಿಯಾರ ಕೋಣೆ ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಆಳೆತ್ತರದ ಹಲ್ಲುಚಕ್ರಗಳು, ಅವುಗಳ ನಡುವೆ ಅತ್ತ ಇತ್ತ ತೂಗುವ ಲೋಲಕ, ಟಕ್ ಟಕ್ ಎಂಬ ಗಂಭೀರ ಸದ್ದು. ಸಾಹೇಬರು ಅದರ ಮುಂದೆ ನಿಂತು ತಾವೂ ಅದರ ಜೊತೆಗೇ ಅತ್ತ ಇತ್ತ ತೂಗತೊಡಗಿದರು.

"ಪಾಪ, ಎಷ್ಟು ವರ್ಷದಿಂದ ದುಡೀತಿದೆ," ಎಂದರು ಗದ್ಗದ ಕಂಠದಲ್ಲಿ. "ಗಂಟೆಗೆ ಒಂದು ತಿಂಗಳು ರಜೆ ಕೊಡಿ."

"ಪೂರ್ತಿ ಸಂಬಳ ಸಹಿತಾನಾ ಸಾರ್?" ಎಂದು ಹೆಡ್ ಕ್ಲರ್ಕು ಪೆನ್ಸಿಲು ನಾಲಿಗೆಗೆ ಮುಟ್ಟಿಸಿದರು.

ಇದನ್ನೆಲ್ಲ ನೋಡುತ್ತಿದ್ದ ಗಂಟೆಯಣ್ಣನಿಗೆ ತನ್ನ ಗತಿ ಮುಗಿಯಿತೆಂದೇ ಅನ್ನಿಸಿತು. ಸಾಹೇಬರು ತೂಗುತ್ತಿರುವಂತೆ ಕಾಣುತ್ತಿದೆ, ಅಸಂಬದ್ಧ ಮಾತುಗಳು ಕೇಳಿಸುತ್ತಿವೆ. ನನ್ನ ಸಕ್ಕರೆ ಪಾತಾಳಕ್ಕಿಳಿದಿದೆ! ಇನ್ನು ಕುರ್ಚಿಯೂ ಬೇಡ, ಮರ್ಯಾದೆಯೂ ಬೇಡವೆಂದು ಪೆಪ್ಪರಮಿಂಟನ್ನು ತುಟಿಯವರೆಗೂ ತಂದ.

ಆಗ ಸಾಹೇಬರು ಕೋಟಿನ ಗುಂಡಿ ಬಿಚ್ಚಲು ಹೋದರು. ಬೆರಳುಗಳು ಗುಂಡಿಯನ್ನು ಹುಡುಕಿ ಹುಡುಕಿ ಸೋತವು. ಮುಖ ಸುಣ್ಣದಂತೆ ಬೆಳ್ಳಗೆ. ಕುತ್ತಿಗೆಯಿಂದ ಬೆವರು ಧಾರೆಯಾಗಿ ಕಾಲರಿಗೆ ಇಳಿಯುತ್ತಿತ್ತು. ಕಣ್ಣು ಎಲ್ಲೋ ದೂರದಲ್ಲಿತ್ತು. ಆ ಮುಖವನ್ನು ಗಂಟೆಯಣ್ಣ ತನ್ನದೇ ಮುಖದ ಮೇಲೆ, ಮೂರನೆಯ ಅಂತಸ್ತಿನ ಗೋಡೆಯ ಬಳಿ, ಒಳಗಿನಿಂದ ಬಲ್ಲ. ಒಂದು ವರ್ಷ ಹಗಲಿರುಳು ಆತ ಕಾದು ಕುಳಿತಿದ್ದ ಭೂತ ಕೊನೆಗೂ ಬಂದಿತ್ತು, ಆದರೆ ವಿಳಾಸ ತಪ್ಪಿ.

"ಸಾರ್! ಬೆಳಿಗ್ಗೆ ಇನ್ಸುಲಿನ್ ಚುಚ್ಕೊಂಡಿದ್ರಾ?"

"ಚುಚ್ಕೊಂಡೆ... ತಿಂಡಿ... ತಿಂಡೀನ ಗಡಿಯಾರ ತಿಂದ್ಬಿಡ್ತು," ಎಂದು ಸಾಹೇಬರು ಮಗುವಿನಂತೆ ನಕ್ಕರು.

ಒಂದು ಕ್ಷಣ, ಒಂದೇ ಕ್ಷಣ, ಗಂಟೆಯಣ್ಣ ಕೈಯಲ್ಲಿದ್ದ ಏಕೈಕ ಪೆಪ್ಪರಮಿಂಟನ್ನು ನೋಡಿದ. ಆಮೇಲೆ ದಾರ ಜುಂಗು ಸಮೇತ ಅದನ್ನು ದೊಡ್ಡ ಸಾಹೇಬರ ಬಾಯಿಗೆ ತುರುಕಿದ.

"ಅಯ್ಯಯ್ಯೋ! ಏನ್ರೀ ಮಾಡ್ತಿದ್ದೀರಾ?" ಹೆಡ್ ಕ್ಲರ್ಕು ಕಿರುಚಿದರು. "ಸಾಹೇಬರಿಗೆ ಕಾಯಿಲೆ ಅಂತೀರಾ? ನಿಮ್ಮ ಕಣ್ಣಿಗೆ ಇಡೀ ಊರೇ ಶುಗರ್ ಪೇಷೆಂಟು!"

"ಸುಮ್ನಿರಿ ಸಾರ್! ಇದೊಂದು ಸಾಲಲ್ಲ. ನನ್ನ ಚಾಕಲೇಟ್ ಎಲ್ಲಿ?"

ಹೆಡ್ ಕ್ಲರ್ಕರ ಕೈ ತಾನೇ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಷ್ಟರಲ್ಲಿ ಸಾಹೇಬರ ಮೊಣಕಾಲು ಮಡಿಚಿಕೊಂಡು ಅವರು ನೆಲದ ಮೇಲೆ ಕುಸಿದು ಕುಳಿತರು.

"ಕೆಳಗೆ ಓಡಿ ಸಕ್ಕರೆ ತರ್ಲಾ ಅಣ್ಣಾ?" ಎಂದ ಕಾವಲುಗಾರ.

"ನೀನು ಇಳಿದು ಹತ್ತಿ ಬರೋದ್ರೊಳಗೆ ಅರ್ಧ ಗಂಟೆ ಆಗುತ್ತೆ. ನೀರು ತೆಗಿ ನೀನು!"

ಟಕ್. ಟಕ್. ಗಂಟೆಯಣ್ಣ ತಿರುಗಿ ಲೋಲಕವನ್ನು ನೋಡಿದ. ಅದರ ಹಿತ್ತಾಳೆ ತಟ್ಟೆಯಲ್ಲಿ, ಯಾರೂ ಕಾಣದ ಕಡೆ, ಇರುವೆಗಳು ಬಿಟ್ಟುಳಿದ ಕ್ಯೂಬುಗಳು ಬೆಳ್ಳಗೆ ತೂಗುತ್ತಿದ್ದವು. ತೂಗುವ ಲೋಲಕದಿಂದ ಅವನ್ನು ತೆಗೆಯಲು ಬಾರದು. ಅದನ್ನು ಹಿಡಿದು ನಿಲ್ಲಿಸಬೇಕು. ನಿಲ್ಲಿಸಿದರೆ ಗಡಿಯಾರ ನಿಲ್ಲುತ್ತದೆ. ಹನ್ನೆರಡಕ್ಕೆ ಇನ್ನೆರಡು ನಿಮಿಷ. ಕೆಳಗೆ ಊರಿಗೆ ಊರೇ ಕತ್ತೆತ್ತಿ ನಿಂತಿದೆ. ಎರಡೇ ನಿಮಿಷ ತಡೆದರೆ ಗಂಟೆ ಹೊಡೆಯುತ್ತದೆ, ಕುರ್ಚಿ ತನ್ನದಾಗುತ್ತದೆ: ಎರಡು ಕೈಗಳ ಕುರ್ಚಿ, ಮೆತ್ತೆಯ ಕುರ್ಚಿ, ಕ್ಯಾಂಟೀನಿಗೆ ಎಂಟು ಹೆಜ್ಜೆ.

ಸಾಹೇಬರ ತಲೆ ಎದೆಯ ಮೇಲೆ ವಾಲಿತು.

"ಹಾಳಾಗಿ ಹೋಗ್ಲಿ ಕುರ್ಚಿ!" ಎಂದು ಗಂಟೆಯಣ್ಣ ಹಾರಿ, ಓಡಿಹೋಗುತ್ತಿರುವ ಕರುವನ್ನು ತಬ್ಬುವಂತೆ ಲೋಲಕವನ್ನು ಎರಡು ತೋಳಿನಿಂದ ತಬ್ಬಿದ. ಅದು ಆತನನ್ನೂ ಎರಡು ಸಲ ತೂಗಿತು, ಆಮೇಲೆ ನಿಂತಿತು.

ಮೌನ. ನಲವತ್ತು ವರ್ಷಗಳಲ್ಲಿ ಆ ಕೋಣೆ ಕೇಳದ ಮೌನ. ಆಗಷ್ಟೇ ವರ್ಗಾವಣೆಗೊಂಡಿದ್ದ ಪಾರಿವಾಳಗಳೆಲ್ಲ ಗಾಬರಿಯಿಂದ ಹಾರಿಹೋದವು.

ಕ್ಯೂಬುಗಳು ಬಾಟಲಿಯೊಳಗೆ ಬಿದ್ದವು. ಗಂಟೆಯಣ್ಣ ಅದನ್ನು ಕುಲುಕಿದ. "ಅಣ್ಣಾ, ಇರುವೆ ತೇಲ್ತಿವೆ!" ಎಂದ ಕಾವಲುಗಾರ.

"ಇರ್ಲಿ ಬಿಡು! ಅವು ತಿಂದಿರೋದೂ ಸಕ್ಕರೇನೇ!"

ಸಾಹೇಬರ ತಲೆಯನ್ನು ಎತ್ತಿ ಹಿಡಿದು, "ನುಂಗಿ ಸಾರ್, ಇನ್ನೊಂದು ಗುಟುಕು, ಜಾಣರು ನೀವು," ಎಂದು ರಮಿಸುತ್ತ ಅಷ್ಟನ್ನೂ ಕುಡಿಸಿದ. ಜೇಬಿನಿಂದ ಮೀಟರು ತೆಗೆದು ಬೆರಳು ಚುಚ್ಚಿ ನೋಡಿದ. ನಲವತ್ತೊಂಬತ್ತು. ಹೆಡ್ ಕ್ಲರ್ಕು ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಮೊಟ್ಟಮೊದಲ ಬಾರಿಗೆ ಪುಸ್ತಕ ಮುಚ್ಚಿದರು. ಹದಿನೈದು ನಿಮಿಷ ಕಳೆಯಿತು. ಮತ್ತೆ ಚುಚ್ಚಿದಾಗ ನೂರ ಎರಡು ಬಂತು. ಅದಕ್ಕೂ ಮೊದಲೇ ಸಾಹೇಬರ ಕೆನ್ನೆಗೆ ಬಣ್ಣ ಬಂದಿತ್ತು.

"ನನ್ನ ಬಾಯಲ್ಲಿ ದಾರ ಯಾಕಿದೆ?" ಎಂದರು ಅವರು.

ಗಂಟೆಯಣ್ಣ ಕೈಜೋಡಿಸಿ ನಡೆದದ್ದನ್ನು ಹೇಳಿದ. ಕೊನೆಗೆ, "ತಪ್ಪಾಯ್ತು ಸಾರ್. ನಂಗೂ ಅದೇ ಕಾಯಿಲೆ. ಈಗ ನಂದೂ ಪೂರ್ತಿ ಇಳಿದಿದೆ. ನಲವತ್ತೂ ಇರ್ಲಿಕ್ಕಿಲ್ಲ," ಎಂದು ಗೋಡೆಗೊರಗಿ ಕಣ್ಣುಮುಚ್ಚಿದ.

ಸಾಹೇಬರು ತಾವೇ ಹೊಸ ಸೂಜಿ ಹಾಕಿ, ಹೊಸ ಪಟ್ಟಿ ಸಿಕ್ಕಿಸಿ ಆತನ ಬೆರಳು ಚುಚ್ಚಿದರು. ಮೀಟರನ್ನು ಬೆಳಕಿಗೆ ಹಿಡಿದರು. "ಇನ್ನೂರ ಎಪ್ಪತ್ತೊಂದು."

ಗಂಟೆಯಣ್ಣ ತಟ್ಟನೆ ಕಣ್ಣು ತೆರೆದ. "ಮತ್ತೆ ಈ ನಡುಕ?"

"ಗೌರವದಿಂದ ಇರ್ಬೇಕು," ಎಂದರು ಸಾಹೇಬರು. ಅನಂತರ ಉಳಿದಿಬ್ಬರನ್ನು ಮೆಟ್ಟಿಲಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು. ಕಾವಲುಗಾರ ಮೆಟ್ಟಿಲಲ್ಲೇ ಕಿವಿಯಾಗಿ ನಿಂತದ್ದರಿಂದ ಮುಂದಿನ ಮಾತು ನನಗೆ ದಕ್ಕಿತು.

"ಹನ್ನೆರಡು ವರ್ಷದಿಂದ ಮುಚ್ಚಿಟ್ಟಿದ್ದೀನಿ ಕಣ್ರೀ. ಹೀಗೆ ಮೂರು ಸಲ ಆಗಿದೆ. ಮೂರು ಸಲಾನೂ ಸಾಹೇಬರಿಗೆ ಕೋಪ ಬಂದಿದೆ ಅಂತ ಎಲ್ರೂ ದೂರ ನಿಂತ್ರು. ಯಾರೋ ಒಬ್ಬ ಹೆಡ್ ಕ್ಲರ್ಕು ಪಕ್ಕದಲ್ಲಿ ನಿಂತು ಬರ್ಕೊಂಡ. ಒಂದೂರಲ್ಲಿ ನಾನು ಸೇತುವೆಗೆ ಮದುವೆ ಮಾಡಿಸಿ ಅಂದಿದ್ದೆನಂತೆ. ಫೈಲು ಈಗ್ಲೂ ಓಡಾಡ್ತಿದೆ."

"ಬಿಸ್ಕತ್ತು ತಿಂತಿದ್ದವನನ್ನ ಮನೆಗೆ ಕಳಿಸಿದ್ದು ಸಾರ್?"

ಸಾಹೇಬರು ತಲೆತಗ್ಗಿಸಿದರು. "ಅವತ್ತು ನಂಗೆ ಇಳೀತಿತ್ತು. ಅವನ ಕೈಯಲ್ಲಿ ಬಿಸ್ಕತ್ತಿತ್ತು. ಒಂದು ಕೊಡಪ್ಪಾ ಅಂತ ಕೇಳೋಕೆ ನಾಚಿಕೆಯಾಯ್ತು. ಬೈದೆ." ನಿಂತ ಲೋಲಕವನ್ನು ನೋಡಿ, "ಇಷ್ಟು ವರ್ಷದಲ್ಲಿ ನನ್ನ ಮುಖ ನೋಡಿ ಗುರುತು ಹಿಡಿದವರು ನೀವೊಬ್ರೇ. ಏನು ಬೇಕು ಕೇಳಿ," ಎಂದರು.

"ಮೆಟ್ಟಿಲಿಂದ ಬಿಡುಗಡೆ ಸಾರ್. ಬೇರೇನೂ ಬೇಡ."

"ಈ ಗೋಪುರದ ಮೆಟ್ಟಿಲನ್ನ ಇನ್ನು ನೀವು ಹತ್ತಲ್ಲ. ಮಾತು ಕೊಟ್ಟೆ."

ಗಂಟೆಯಣ್ಣ ನೂರ ಐವತ್ತಾರು ಮೆಟ್ಟಿಲುಗಳನ್ನೂ ಮದುಮಗನಂತೆ ಇಳಿದ. ಚೌಕದಲ್ಲಿ ಊರವರು ಹನ್ನೆರಡು ಹೊಡೆಯದ್ದಕ್ಕೆ ಗದ್ದಲ ಮಾಡುತ್ತಿದ್ದರು. ಆತನ ಕಿವಿಗೆ ಅದು ಮಂಗಳವಾದ್ಯದಂತೆ ಕೇಳಿಸಿತು. ನೇರವಾಗಿ ದಾಖಲೆ ಕೋಣೆಗೆ ಹೋಗಿ, ಕುರ್ಚಿಯ ಧೂಳು ಕೊಡವಿ ಕುಳಿತ. ಎರಡು ಕೈಗಳ ಮೇಲೂ ಕೈಯಿಟ್ಟ. ಕ್ಯಾಂಟೀನಿನ ಕಿಟಕಿಯತ್ತ ಎದ್ದು ನಡೆದು ಲೆಕ್ಕ ಹಾಕಿದ: ಎಂಟಲ್ಲ, ಏಳೇ ಹೆಜ್ಜೆ!

ಮೂರು ಗಂಟೆಗೆ ಹೆಡ್ ಕ್ಲರ್ಕು ಒಂದು ಆದೇಶಪತ್ರ ಹಿಡಿದು ಬಂದರು. ಅವರ ಮುಖ ಹರಳೆಣ್ಣೆ ಕುಡಿದಂತಿತ್ತು.

"ಓದಿ ಸಾರ್, ಓದಿ," ಎಂದ ಗಂಟೆಯಣ್ಣ ಕುರ್ಚಿಯಲ್ಲಿ ಹಿಂದಕ್ಕೊರಗಿ.

"'ಗಡಿಯಾರ ಗೋಪುರದ ಹೊಣೆಯನ್ನು ಇಂದಿನಿಂದ ಹೆಡ್ ಕ್ಲರ್ಕರು ಹೊರತಕ್ಕದ್ದು,'" ಎಂದು ಓದಿ ಅವರು ಒಂದು ನಿಟ್ಟುಸಿರಿಟ್ಟರು. "'ಗಂಟೆಯಣ್ಣನವರ ಜಾಗರೂಕತೆ ಅಪೂರ್ವವಾದುದು. ಅಂಥವರನ್ನು ಕುರ್ಚಿಯಲ್ಲಿ ಕೂರಿಸುವುದು ಇಲಾಖೆಗೆ ನಷ್ಟ. ಆದ್ದರಿಂದ ಇವರನ್ನು ನನ್ನ ತಪಾಸಣೆಯ ಸಹಾಯಕರನ್ನಾಗಿ ನೇಮಿಸಿದ್ದೇನೆ. ಇವರು ನನ್ನಿಂದ ಮೂರು ಮೆಟ್ಟಿಲಿಗಿಂತ ಹೆಚ್ಚು ದೂರವಿರತಕ್ಕದ್ದಲ್ಲ.'"

"ಮೆಟ್ಟಿಲು?" ಗಂಟೆಯಣ್ಣ ನೆಟ್ಟಗೆ ಕುಳಿತ.

"'ನಾಳೆ ಬೆಳಿಗ್ಗೆ ಸಮುದ್ರ ತೀರದ ದೀಪಸ್ತಂಭ, ಮುನ್ನೂರ ಹನ್ನೆರಡು ಮೆಟ್ಟಿಲು. ನಾಡಿದ್ದು ಕಾರ್ಖಾನೆಯ ಚಿಮಣಿ. ಗುರುವಾರ ನೀರಿನ ಟ್ಯಾಂಕು.'"

"ಟ್ಯಾಂಕಿಗೆ ಎಷ್ಟು ಮೆಟ್ಟಿಲಂತೆ ಸಾರ್?"

"ಮೆಟ್ಟಿಲಿಲ್ಲ. ಏಣಿ."

ಗಂಟೆಯಣ್ಣನ ಕೈ ನಡುಗಿತು, ಎದೆ ಬಡಿಯಿತು, ಬೆವರಿನ ಮಾಲೆ ಹಣೆಗೆ ಬಂತು. "ಸಕ್ಕರೆ... ಸಕ್ಕರೆ ಇಟ್ಕೊಳ್ಳೋಕೆ ಬಿಡ್ತಾರಂತಾ?"

"ಇಟ್ಕೊಳ್ಳಲೇಬೇಕಂತೆ. ಕೇಳಿ: 'ಇವರು ಸದಾ ಎರಡು ಕಿಲೋ ಸಕ್ಕರೆ ಕ್ಯೂಬುಗಳನ್ನು ನನಗಾಗಿ ಹೊತ್ತಿರತಕ್ಕದ್ದು. ಆದರೆ ಇವರ ಇಂದಿನ ಅಂಕಿ ಇನ್ನೂರ ಎಪ್ಪತ್ತೊಂದಿರುವ ಕಾರಣ, ಮೀಟರು ಎಪ್ಪತ್ತಕ್ಕಿಂತ ಕೆಳಗೆ ತೋರಿಸದ ಹೊರತು ಅದರಲ್ಲಿ ಒಂದು ಹರಳನ್ನೂ ಇವರು ಬಾಯಿಗೆ ಹಾಕತಕ್ಕದ್ದಲ್ಲ. ಮೀಟರು ನನ್ನ ಜೇಬಿನಲ್ಲಿರುತ್ತದೆ.'"

ಅಂದು ಸಂಜೆ ಪತ್ನಿ ಕೋಟಿಗೆ ಹನ್ನೆರಡು ಹೊಸ ಜೇಬು ಹೊಲಿದರಂತೆ. "ವೈದ್ಯರು ಒಂದು ವರ್ಷ ಹೇಳಿ ಸೋತ್ರು, ಸಾಹೇಬರು ಒಂದೇ ದಿನದಲ್ಲಿ ಗೆದ್ರು," ಎಂದು ದಾರ ಕಡಿಯುತ್ತ ಹೇಳಿದರಂತೆ.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನಾನು ಕಂಡದ್ದಿಷ್ಟು: ಜೀಪಿನ ಹಿಂಬದಿಯಲ್ಲಿ, ಗೋಣಿಚೀಲದಂತೆ ಉಬ್ಬಿದ ಕೋಟಿನೊಳಗೆ, ಜೇನುಗೂಡಿಗೆ ಕಾವಲು ಕೂತ ಹಸಿದ ಕರಡಿಯಂತೆ ಗಂಟೆಯಣ್ಣ ಕುಳಿತಿದ್ದ. ಮುಂದಿನ ಆಸನದಿಂದ ಸಾಹೇಬರು ಹಿಂದೆ ಕೈಚಾಚಿ, "ಒಂದು ಕೊಡ್ರೀ, ಮುನ್ನೆಚ್ಚರಿಕೆಗೆ," ಎನ್ನುತ್ತಿದ್ದರು. ಭಯವೆಂಬುದು ಅವರಿಗೂ ಅಂಟಿತ್ತು. ಜೀಪು ಹೊರಟಿತು, ಅದರ ಚಕ್ರದ ಗುರುತಿನ ಮೇಲೆ, ಗಿಡದ ಬುಡದಿಂದ ಹೊರಟ ಇರುವೆಗಳ ಸಾಲೊಂದು ಶಿಸ್ತಾಗಿ ಹಿಂಬಾಲಿಸಿತು.

ವಾಚಕ ಮಹಾಶಯರೇ, ಇನ್ನು ನನ್ನ ವಿಷಯ. ನನ್ನ ಬಸ್ಸು ಹತ್ತಕ್ಕೆ. ಗೋಪುರವನ್ನು ನೋಡಿದರೆ ಅದು ನಿನ್ನೆಯಿಂದಲೂ ಹನ್ನೆರಡಕ್ಕೆ ಎರಡು ನಿಮಿಷವೆನ್ನುತ್ತಿದೆ. ಅದನ್ನು ನಡೆಸಲು ಹೊರಟ ಹೆಡ್ ಕ್ಲರ್ಕರು ಎರಡನೆಯ ಅಂತಸ್ತಿನಲ್ಲಿ ಕುಳಿತು ನೀರು ಕೇಳುತ್ತಿದ್ದಾರೆಂದು ಕಾವಲುಗಾರ ಕೆಳಗಿಂದ ಕೂಗಿ ಹೇಳಿದ. ಇಂಥ ಊರಿನಲ್ಲಿ ಹೊತ್ತನ್ನು ನಂಬಿ ಕೂರುವಂತಿಲ್ಲ. ಎರಡು ಅಂಗಿ, ಒಂದು ಕಂಬಳಿ, ಅಂಚು ಹರಿದ ನಾಲ್ಕು ಕಾದಂಬರಿ, ಇಷ್ಟನ್ನು ಚೀಲಕ್ಕೆ ತುಂಬಿ ಹಗ್ಗ ಬಿಗಿದೆ. ಚಹಾದ ತಟ್ಟೆಯಲ್ಲಿ ಎರಡು ಸಕ್ಕರೆ ಕ್ಯೂಬು ಉಳಿದಿದ್ದವು. ನನಗೆ ಆ ಕಾಯಿಲೆಯಿಲ್ಲ. ಆದರೂ ಅತ್ತಿತ್ತ ನೋಡಿ ಅವನ್ನು ಜೇಬಿಗಿಳಿಸಿ, ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದೆ.